ಅವಿಶ್ವಾಸಕ್ಕೆ ಕೈ ಎತ್ತಿದವರು

ನಿವೃತ್ತಿಗೆ ಇನ್ನೊಂದು ವರ್ಷವಿದ್ದಾಗ ಗೌರಿಬಿದನೂರು ತಾಲ್ಲೂಕಿನ ನಗರಗೆರೆ ಕಡೆಯ ಒಂದು ಗ್ರಾಮ ಪಂಚಾಯಿತಿಗೆ ನಾನು ಪಿಡಿಒ, ಅಂದರೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ. ಊರಿನ ಹೆಸರು ಬರೆಯುವುದಿಲ್ಲ. ಆದರೂ ಇದು ತನ್ನ ಕಥೆಯೆಂದು ಅಶ್ವತ್ಥಪ್ಪನಿಗೆ ಗೊತ್ತಾಗುತ್ತದೆ. ಗೊತ್ತಾಗಲಿ ಎಂದೇ ಬರೆಯುತ್ತಿದ್ದೇನೆ.

ಈತ ಉಪಾಧ್ಯಕ್ಷ, ಊರಿಗೇ ದೊಡ್ಡ ಜಮೀನುದಾರ. ಆ ಅವಧಿಗೆ ಅಧ್ಯಕ್ಷ ಸ್ಥಾನ ಪರಿಶಿಷ್ಟ ಜಾತಿ ಮಹಿಳೆಗೆ ಮೀಸಲಾಗಿತ್ತು. ತನ್ನ ತೋಟದಲ್ಲಿ ಕೂಲಿ ಮಾಡುತ್ತಿದ್ದ ಮುನಿರತ್ನಮ್ಮನವರನ್ನು ಗೆಲ್ಲಿಸಿ ಅಲ್ಲಿ ಕೂರಿಸಿದವನು ಇವನೇ. ಹೇಳಿದಲ್ಲಿ ಸಹಿ ಹಾಕುತ್ತಾರೆ ಎಂದುಕೊಂಡಿದ್ದ. ಮೊದಮೊದಲು ಹಾಕಿದರು ಕೂಡ. ಕಾಲೋನಿಗೆ ಮಂಜೂರಾಗಿದ್ದ ನೀರಿನ ಪೈಪನ್ನು ತೋಟದತ್ತ ತಿರುಗಿಸುವ ನಡಾವಳಿ ಬಂದಾಗ ಪೆನ್ನು ಕೆಳಗಿಟ್ಟರು.

"ನಮ್ಮ ಹೆಣ್ಮಕ್ಕಳು ಕೊಡ ಹೊತ್ತಿದ್ದು ಸಾಕಣ್ಣ. ಇದಕ್ಕೆ ನಾನು ಸಹಿ ಹಾಕಲ್ಲ."

"ಉಂಡ ಮನೆ ಜಂತೆ ಎಣಿಸ್ತೀಯೇನೇ?" ಎಂದು ಸಭೆಯಲ್ಲೇ ಕೂಗಿದ. ಆಮೇಲೆ ಜಾತಿ ಹಿಡಿದು ಆಡಿದ ಮಾತು ಇಲ್ಲಿ ಬರೆಯುವಂಥದ್ದಲ್ಲ. ನನ್ನ ಮೈ ಉರಿದುಹೋಯಿತು.

ಅಧ್ಯಕ್ಷರ ಆಯ್ಕೆಯ ದಿನದಿಂದ ಅವಿಶ್ವಾಸ ತರಲು ಕಾಯ್ದೆ ಒಂದು ಅವಧಿ ಕಾಯಿಸುತ್ತದೆ. ಅದು ಮುಗಿದದ್ದೇ ತಡ, ಅಶ್ವತ್ಥಪ್ಪ ಸದಸ್ಯರನ್ನೆಲ್ಲ ಒಟ್ಟುಹಾಕಿದ. ಮುಂದಿನ ಅಧ್ಯಕ್ಷೆ ನಾಯಕರ ಬೀದಿಯ ಸದಸ್ಯೆ ನರಸಮ್ಮ ಎಂದು ತೀರ್ಮಾನವೂ ಆಯಿತು. ಆಕೆ ಪರಿಶಿಷ್ಟ ಪಂಗಡದವರು. ಪರಿಶಿಷ್ಟ ಜಾತಿಯ ಮಹಿಳೆ ಎಂದರೆ ಇಡೀ ಪಂಚಾಯಿತಿಯ ಸದಸ್ಯರಲ್ಲಿ ಮುನಿರತ್ನಮ್ಮ ಒಬ್ಬರೇ. ಎಸ್‌ಸಿ, ಎಸ್‌ಟಿ ಎಂದು ಒಂದೇ ಉಸಿರಿನಲ್ಲಿ ಹೇಳಿ ಹೇಳಿ ಎರಡೂ ಒಂದೇ ಎಂದುಕೊಂಡಿದ್ದ ಮಹಾನುಭಾವ.

"ಸಾರ್, ನರಸಮ್ಮನವರ ಮೀಸಲಾತಿ..." ಎಂದು ನಾನು ಬಾಯಿ ತೆರೆದೆ.

"ಅವರೆಲ್ಲಾ ಒಂದೇ ಕಣಯ್ಯಾ. ನೀನು ನೋರು ಮೂಸ್ಕೊ!"

ಸಿಟ್ಟು ಬಂದರೆ ಅವನಿಗೆ ತೆಲುಗು ಬರುತ್ತಿತ್ತು. ಬಾಯಿ ಮುಚ್ಚು ಎಂದರ್ಥ. ಮುಚ್ಚಿದೆ. ಎರಡನೆಯ ಸಲ ಹೇಳುವಷ್ಟು ಒಳ್ಳೆಯವನು ನಾನಲ್ಲ.

ಉಪವಿಭಾಗಾಧಿಕಾರಿ ಕರೆದ ಸಭೆಯಲ್ಲಿ ಬೇಕಾದ ಮೂರನೇ ಎರಡು ಬಹುಮತಕ್ಕಿಂತ ಹೆಚ್ಚೇ ಕೈಗಳು ಮೇಲೆದ್ದವು. ಮುನಿರತ್ನಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡು ಹೊರಗೆ ಬಂದರು.

"ಪೈಪೂ ಹೋಯ್ತಲ್ಲ ಸಾರ್."

"ಹೊಸ ಚುನಾವಣೆಗೆ ನಾಮಪತ್ರ ಹಾಕಮ್ಮ," ಎಂದೆ.

"ಯಾವ ಮುಖ ಇಟ್ಕೊಂಡು ಹಾಕ್ಲಿ?"

"ನನ್ನ ಮಾತು ಕೇಳು. ಹಾಕು."

ಚುನಾವಣೆಯ ದಿನ ನರಸಮ್ಮನಿಗೆಂದು ಅಶ್ವತ್ಥಪ್ಪ ಗುಲಾಬಿ ಹಾರ ತರಿಸಿದ್ದ. ಚುನಾವಣಾಧಿಕಾರಿ ನಾಮಪತ್ರ ನೋಡಿ, "ಸ್ಥಾನ ಪರಿಶಿಷ್ಟ ಜಾತಿಗೆ. ನರಸಮ್ಮನವರದು ತಿರಸ್ಕೃತ. ಮುನಿರತ್ನಮ್ಮ ಅವಿರೋಧ ಆಯ್ಕೆ," ಎಂದರು.

"ಇಳಿಸಿದವಳನ್ನೇ ಮತ್ತೆ ಹೆಂಗ್ರೀ?"

"ನಿಲ್ಲಬಾರದು ಅಂತ ಕಾಯ್ದೆಯಲ್ಲಿ ಇಲ್ಲ."

ಅಶ್ವತ್ಥಪ್ಪನ ಮುಖ ಹರಳೆಣ್ಣೆ ಕುಡಿದಂತಾಯಿತು. ನಾನು ಕಣ್ತುಂಬ ನೋಡಿದೆ, ಬೇಕೆಂದೇ ನೋಡಿದೆ.

"ನಾಳೇನೇ ಇನ್ನೊಂದು ಅವಿಶ್ವಾಸ ತರ್ತೀನಿ!" ಎಂದು ಎಗರಾಡಿದ.

"ಆಗಲ್ಲ ಸಾರ್," ಎಂದೆ, ಎಲ್ಲರಿಗೂ ಕೇಳುವಂತೆ. "ಇವತ್ತು ಹೊಸ ಆಯ್ಕೆ. ಅವಧಿಯನ್ನ ಮತ್ತೆ ಮೊದಲಿಂದ ಎಣಿಸಬೇಕು. ಆ ರಕ್ಷಣೆ ನೀವೇ ಕೊಡಿಸಿದ್ದು."

ಮುನಿರತ್ನಮ್ಮ ಕುರ್ಚಿ ಎಳೆದು ಕೂತರು. "ಹಂಗಾದ್ರೆ ಮೊದಲನೇ ಸಭೆಗೆ ಕಾಲೋನಿ ಪೈಪಿನ ವಿಷಯ ಇಡಿ ಸಾರ್. ಅನುಮೋದನೆ ಅಶ್ವತ್ಥಪ್ಪಣ್ಣಂದು. ಅಲ್ವೇನಣ್ಣ?"

ಇನ್ನು ಅಷ್ಟು ಕಾಲ ಅವರ ಸಹಿಯಿಲ್ಲದೆ ತನ್ನ ಒಂದು ಕೆಲಸವೂ ನಡೆಯದೆಂದು ಅರಿತು, ಆ ಸಭೆಯಲ್ಲಿ ಅವನು ತಲೆತಗ್ಗಿಸಿ ಅನುಮೋದಿಸಿದ. ಕ್ಷಮೆ ದೊಡ್ಡ ಗುಣವೆಂದು ತರಬೇತಿಯಲ್ಲಿ ಯಾರೋ ಹೇಳಿದ್ದರು. ಸರ್ವಿಸು ನನಗೆ ಕಲಿಸಿದ್ದು ಬೇರೆ: ಹಳ್ಳ ತೋಡುವವನ ಕೈಯಿಂದ ಗುದ್ದಲಿ ಕಿತ್ತುಕೊಳ್ಳಬಾರದು.