ಎದುರುಮನೆ ದೊಡ್ಡಮ್ಮನ ಕುಂಕುಮದ ಭರಣಿ

ಶುಕ್ರವಾರವೆಂದು ಅಮ್ಮ ಕುಂಕುಮದ ಭರಣಿಯನ್ನು ಹುಣಸೆಹಣ್ಣು ಹಾಕಿ ಬೆಳಗಿ, ಒಣಗಲೆಂದು ನನ್ನ ಮೇಜಿನ ಪಕ್ಕದ ಕಿಟಕಿಯಲ್ಲಿಟ್ಟು ಹೋಗಿದ್ದಳು. ಮುಚ್ಚಳದಲ್ಲೊಂದು ತಗ್ಗು ಬಿದ್ದ ಹಳೆಯ ಹಿತ್ತಾಳೆ ಭರಣಿ. ಎಷ್ಟು ತಿಕ್ಕಿದರೂ ಅದರ ಕುಂಕುಮದ ವಾಸನೆ ಹೋಗುವುದಿಲ್ಲ. ಬಿಸಿಲು ತಾಗಿದ್ದೇ ತಡ, ಘಮ್ಮೆಂದಿತು. ನನ್ನ ಕೆಲಸ ಅಲ್ಲಿಗೇ ನಿಂತುಹೋಯಿತು...

ನನ್ನ ಕೆಲಸವೂ ಒಂದು ಥರದ್ದೇ ಬಿಡಿ. ಹೇಳಿದ್ದನ್ನು ತಾವೇ ಮಾಡಿ ಮುಗಿಸುವ ಎಐ ಏಜೆಂಟ್‌ಗಳಿವೆಯಲ್ಲ, ಅವು ಒಂದು ಕಂಪನಿಗೆ ಅದರದೇ ಹೆಸರಿನ ಇಮೇಲ್ ವಿಳಾಸ ಮಾಡಿಕೊಡಲು ಬಳಸುವ ಸಾಧನಕ್ಕೆ ನಾನು ಕೈಪಿಡಿ ಬರೆಯುತ್ತೇನೆ. ಓದುವವರೂ ಮನುಷ್ಯರಲ್ಲ, ಆ ಏಜೆಂಟ್‌ಗಳೇ! ಅವತ್ತು ಪರೀಕ್ಷೆಗೆ ಬಿಟ್ಟಿದ್ದ ಏಜೆಂಟು ಹೊಸ ವಿಳಾಸ ಸಿದ್ಧವಾದದ್ದೇ ತಡ, ಪಟ್ಟಿಯಲ್ಲಿದ್ದವರಿಗೆಲ್ಲ ಒಂದೇ ಉಸಿರಿಗೆ ಮೇಲ್ ಕಳಿಸಿಬಿಟ್ಟಿತ್ತು. ಯಾರೋ ಏನೋ ಎಂದು ಎಲ್ಲವೂ ಸ್ಪ್ಯಾಮ್ ಸೇರಿದ್ದವು. ಒಂದು ಪತ್ರವನ್ನೂ ಯಾರೂ ನೋಡಲಿಲ್ಲ. ಅದಕ್ಕೆ ಬೈಯಲು ಹೋದವಳಿಗೆ ಹಳೆಯದೊಂದು ನೆನಪಾಯಿತು. ನಮ್ಮಮ್ಮನೂ ಒಂದು ಸಲ ಹೀಗೇ ಮಾಡಿದ್ದಳು.

ಅಪ್ಪನಿಗೆ ಬಾಶೆಟ್ಟಿಹಳ್ಳಿಯ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿ ನಾವು ದೊಡ್ಡಬಳ್ಳಾಪುರದ ನೇಕಾರರ ಬೀದಿಗೆ ಬಂದ ಹೊಸತು. ತಂಗಿಯ ನಾಮಕರಣ. ಅಮ್ಮನಿಗೆ ಬೀದಿಯವರೆಲ್ಲ ಬಂದು ತೊಟ್ಟಿಲು ತೂಗಬೇಕೆಂಬ ಆಸೆ. ತವರಿನವರು ದೂರ, ಇನ್ನು ಮೇಲೆ ಇವರೇ ತನ್ನವರು ಎಂದುಕೊಂಡಿದ್ದಳು. ಅದಕ್ಕೇ ಒಂದೇ ಸಂಜೆ ಇಡೀ ಬೀದಿ ಸುತ್ತಿ, ಗೇಟಿನಿಂದಲೇ ಕೂಗಿ ಹೇಳಿ ಬಂದಳು. ಒಳಗೆ ಮಗ್ಗಗಳು ಖಟಖಟ ಹೊಡೆದುಕೊಳ್ಳುತ್ತಿದ್ದವು. ಇಣುಕಿದವರಿಗೂ ಇವಳು ಯಾರೆಂದು ಗೊತ್ತಿರಲಿಲ್ಲ. ನಾಮಕರಣದ ದಿನ ನಮ್ಮ ಬಾಡಿಗೆ ಮನೆಯ ಒಡತಿ ಬಿಟ್ಟರೆ ಒಬ್ಬರೂ ಬರಲಿಲ್ಲ. ಹೋಳಿಗೆ ಹಾಗೇ ಉಳಿಯಿತು. ಅಮ್ಮ ಒಲೆಯ ಮುಂದೆ ಕೂತು ಅತ್ತಳು.

ಮಾರನೆಯ ದಿನ ಕುಂದಾಣದ ನಂಟರ ಮದುವೆ ಮುಗಿಸಿಕೊಂಡು ಎದುರುಮನೆ ದೊಡ್ಡಮ್ಮ ಬಂದರು. ನಮಗೆ ಸಂಬಂಧವೇನಲ್ಲ, ಬೀದಿಗೆಲ್ಲ ದೊಡ್ಡಮ್ಮ. ಮಗ್ಗದ ಸದ್ದಿನಲ್ಲೇ ಬಾಳಿದವರಾದ್ದರಿಂದ ಗುಟ್ಟು ಹೇಳಿದರೂ ಮೂರನೇ ಮನೆಗೆ ಕೇಳುತ್ತಿತ್ತು. ಉಳಿದ ಹೋಳಿಗೆಗೆ ತಾವೇ ತುಪ್ಪ ಸುರಿದುಕೊಂಡು ತಿನ್ನುತ್ತಾ ಅಮ್ಮನ ಕಥೆಯೆಲ್ಲ ಕೇಳಿದರು. ಆಮೇಲೆ ಕೈ ತೊಳೆದು ಹೇಳಿದರು:

"ಊರಿಗೆ ಬಂದೋಳು ನೀರಿಗೆ ಬರ್ದೆ ಇರ್ತಾಳಾ ಅಂತ ಅವ್ರು ಸುಮ್ನಿದ್ದಾರೆ ಕಣಮ್ಮ, ಸಿಟ್ಟೇನಿಲ್ಲ. ಮೊದ್ಲು ಯಾರ ಕಡೆಯೋಳು ಅಂತ ಹೇಳ್ಬೇಕು. ಕೆಲ್ಸ ಆಮೇಲೆ."

ವರಮಹಾಲಕ್ಷ್ಮಿ ಹಬ್ಬಕ್ಕೆ ಮುತ್ತೈದೆಯರನ್ನು ಕರೆಯಲು ದೊಡ್ಡಮ್ಮನೇ ಅಮ್ಮನನ್ನು ಹೊರಡಿಸಿದರು. ದಿನಕ್ಕೆ ಒಂದೆರಡು ಮನೆ, ಅಷ್ಟೇ. ಮೊದಲು ತಮ್ಮ ಓರಗಿತ್ತಿಯ ಮನೆ, ಆಮೇಲೆ ಅವಳ ಗೆಳತಿಯ ಮನೆ... ಹೊಸಿಲು ದಾಟಿ, ಕೂತು, ನೀರು ಕುಡಿದು, ಮಗ್ಗ ನಿಂತ ಮೇಲೆ ಮಾತು. ಅಮ್ಮನ ಕೈಗೆ ತಮ್ಮದೇ ಭರಣಿ ಕೊಟ್ಟಿದ್ದರು. ಆ ಮುಚ್ಚಳದ ತಗ್ಗನ್ನು ಗುರುತಿಸದ ಹೆಂಗಸು ಆ ಬೀದಿಯಲ್ಲಿರಲಿಲ್ಲ. ನನಗಂತೂ ಈ ಸುತ್ತಾಟ ಬೇಸರ. ಬೇಗ ಬೇಗ ಮುಗಿಸಬಾರದೇ ಎಂದರೆ, ಅಕ್ಕಿ ಬೇಯೋಕೂ ಹೊತ್ತು ಬೇಕು, ನಿನ್ನ ಬಾಯಿಗೆ ಮಾತ್ರ ಬೇಡ ಎಂದು ನನ್ನ ಕೆನ್ನೆ ಹಿಂಡುತ್ತಿದ್ದರು. ಹಬ್ಬದ ಸಂಜೆ ನಮ್ಮ ಬಾಗಿಲಲ್ಲಿ ಚಪ್ಪಲಿ ಬಿಡಲು ಜಾಗವಿರಲಿಲ್ಲ. ತಂಗಿ ಒಬ್ಬರ ಮಡಿಲಿಂದ ಇನ್ನೊಬ್ಬರ ಮಡಿಲಿಗೆ ಹೋಗುತ್ತಲೇ ಇದ್ದಳು. ಅಮ್ಮ ಅಷ್ಟು ನಕ್ಕಿದ್ದನ್ನು ನಾನು ಅದಕ್ಕೂ ಮುಂಚೆ ಕಂಡಿರಲಿಲ್ಲ.

ಎಷ್ಟೋ ವರ್ಷಗಳ ಮೇಲೆ ನಾವು ಬೂದಿಗೆರೆ ಕಡೆಯ ಈ ಫ್ಲ್ಯಾಟಿಗೆ ಬರುವಾಗ ದೊಡ್ಡಮ್ಮ ಆ ಭರಣಿಯನ್ನೇ ಅಮ್ಮನ ಮಡಿಲಿಗೆ ಹಾಕಿದರು. ಅಲ್ಲಿ ಇದನ್ನು ಯಾರು ಗುರುತು ಹಿಡಿಯುತ್ತಾರೆ ಎಂದು ಅಮ್ಮ ಕಣ್ಣೊರೆಸಿಕೊಂಡಳು.

"ನಿಂಗೆ ಗುರ್ತಿರುತ್ತಲ್ಲ, ಸಾಕು ಬಿಡು."

ಕೈಪಿಡಿಗೆ ಹೊಸದಾಗಿ ಸೇರಿಸಿದೆ: ಮೊದಲು ನೀನು ಯಾರ ಕಡೆಯಿಂದ ಬಂದಿರುವೆ ಎಂಬ ಗುರುತನ್ನು ಸ್ಥಾಪಿಸು. ಆರಂಭದಲ್ಲಿ ಪರಿಚಯವಿರುವ ಕೆಲವರಿಗೆ ಮಾತ್ರ ಬರೆ. ಅವಸರ ಬೇಡ. ಏಜೆಂಟು ಹಾಗೇ ಮಾಡಿತು, ಮರುಪರೀಕ್ಷೆಯ ಮೊದಲ ಪತ್ರ ನನ್ನ ಇನ್‌ಬಾಕ್ಸಿಗೇ ನೆಟ್ಟಗೆ ಬಂದು ಕೂತಿತು. ದೊಡ್ಡಮ್ಮನಿಗೆ ಹೇಳಿದ್ದರೆ, ಯಂತ್ರಕ್ಕೂ ನಾನೇ ಬುದ್ಧಿ ಹೇಳ್ಬೇಕಾ ಎಂದು ಬೀದಿಗೆಲ್ಲ ಕೇಳುವಂತೆ ನಗುತ್ತಿದ್ದರು.

ಹೇಳುವುದೆಲ್ಲಿ? ಹೋದ ವರ್ಷ ಅವರು ತೀರಿಕೊಂಡರು. ಯಾರೋ ಹಳೆಯ ಬೀದಿಯವರ ವಾಟ್ಸಾಪ್ ಗುಂಪಿಗೆ ಒಂದು ಸಾಲು ಹಾಕಿ, ಎಲ್ಲರಿಗೂ ತಿಳಿಸಿದೆವೆಂದು ಸುಮ್ಮನಾಗಿದ್ದರು. ಶುಭೋದಯದ ಹೂಗಳ ನಡುವೆ ಅದು ಹೂತುಹೋಗಿತ್ತು. ಅಮ್ಮ ನೋಡುವಷ್ಟರಲ್ಲಿ ತಿಥಿಯೂ ಮುಗಿದಿತ್ತು. ಒಬ್ಬರಾದರೂ ಮನೆಗೆ ಬಂದು ಹೇಳಬಾರದಿತ್ತೇ ಎಂದು ಅಮ್ಮ ಭರಣಿ ಹಿಡಿದುಕೊಂಡು ಅತ್ತಳು. ನನಗೂ ತಡೆಯಲಾಗಲಿಲ್ಲ.

ಬಿಸಿಲು ಕಿಟಕಿಯಿಂದ ಸರಿಯುತ್ತಿತ್ತು. ಅಮ್ಮ ಬಂದು ಭರಣಿಯನ್ನು ಸೆರಗಿನಲ್ಲಿ ಒರೆಸಿ ಒಳಗೆ ತೆಗೆದುಕೊಂಡು ಹೋದಳು. ಆ ಬೀದಿಯಲ್ಲಿ ಮನೆಮನೆಗೆ ಹೋಗಿ, ಕೂತು, ಹೇಳಿ ಬರುತ್ತಿದ್ದವರು ದೊಡ್ಡಮ್ಮ ಒಬ್ಬರೇ. ಅವರು ಹೋದರೆಂದು ನಮಗೆ ಬಂದು ಹೇಳಬೇಕಾಗಿದ್ದವರೂ ಅವರೇ.