ಒಂದು ತಾಸು ಮೊದಲೇ ಬಂದ ಫೋನು

ಮೊನ್ನೆ ಮುಂಬಯಿ ಬಳಿಯ ಠಾಣೆ ಸ್ಟೇಷನ್ನಿನಿಂದ ಹೊರಟ ಲೋಕಲ್ ರೈಲಿನ ಲೇಡೀಸ್ ಡಬ್ಬಿಯಲ್ಲಿ ನನ್ನೆದುರು ಕೂತಿದ್ದ ಹೆಂಗಸು ಸಂತ್ರ ಸುಲಿಯತೊಡಗಿದಳು. ಕಿತ್ತಳೆ ಸಿಪ್ಪೆಯ ಘಾಟು ಡಬ್ಬಿಯ ತುಂಬ ಹಬ್ಬಿತು. ಪಕ್ಕದವರು ಸೀನಿದರು. ನನಗೆ ಮಾತ್ರ ನಮ್ಮ ಹಳೆಯ ಮನೆಯ ಪಕ್ಕದಲ್ಲಿದ್ದ ಟೀಚರ್ ನೆನಪಾಗಿ, ಅಷ್ಟು ಜನರ ನಡುವೆ ಒಬ್ಬಳೇ ನಕ್ಕುಬಿಟ್ಟೆ.

ಅವರು ಕನ್ನಡ ಶಾಲೆಯೊಂದರಲ್ಲಿ ಭೂಗೋಳ ಕಲಿಸುತ್ತಿದ್ದರು. ಉಡುಪಿ ಕಡೆಯವರು. ನಾವು ವಿಜಯಪುರದವರು, ಅಪ್ಪನಿಗೆ ವಾಗ್ಳೆ ಎಸ್ಟೇಟಿನ ಕಾರ್ಖಾನೆಯಲ್ಲಿ ಕೆಲಸ. ಡೊಂಬಿವಲಿಯ ಆ ಬಿಲ್ಡಿಂಗಿನಲ್ಲಿ ಅವರಿಗೂ ನಮಗೂ ನಡುವೆ ಒಂದೇ ಗೋಡೆ, ಅದೂ ತೆಳುವಾದದ್ದು. ನಮ್ಮ ಒಗ್ಗರಣೆಯ ಸದ್ದು ಅವರಿಗೆ, ಅವರ ಫೋನಿನ ಗಂಟೆ ನಮಗೆ ಕೇಳುತ್ತಿತ್ತು. ಟೀಚರಿಗೆ ಐವತ್ತರ ಹತ್ತಿರ. ಮದುವೆಯಾಗಿರಲಿಲ್ಲ. ತಲೆಗೆ ಬಣ್ಣ ಹಚ್ಚುತ್ತಿರಲಿಲ್ಲ, ಆದರೆ ಹೂ ಮುಡಿಯದೆ ಹೊರಗೆ ಕಾಲಿಡುತ್ತಿರಲಿಲ್ಲ.

ನಾನು ಆಗಷ್ಟೇ ಐರೋಲಿಯ ಒಂದು ಕಾಲ್ ಸೆಂಟರ್ ಸೇರಿದ್ದೆ. ಇಂಗ್ಲೆಂಡಿನ ಜನರ ದೂರು ಕೇಳುವ ಕೆಲಸ. ಅಕ್ಟೋಬರ್ ಕೊನೆಗೆ ಮ್ಯಾನೇಜರ್ ಇದ್ದಕ್ಕಿದ್ದಂತೆ, "ಸೋಮವಾರದಿಂದ ಎಲ್ಲರೂ ಒಂದು ಗಂಟೆ ತಡವಾಗಿ ಬನ್ನಿ, ಅಲ್ಲಿ ಗಡಿಯಾರ ಹಿಂದೆ ಹೋಗ್ತದೆ" ಅಂದ. ಗಡಿಯಾರ ಹಿಂದೆ ಹೋಗುವುದೆಂದರೇನು? ಮನೆಗೆ ಬಂದು ಟೀಚರ್ ಹತ್ತಿರ ಗೊಣಗಿದೆ. ಅವರು ತಿನ್ನಲು ತಂದಿದ್ದ ಸಂತ್ರವನ್ನು ಕೈಗೆತ್ತಿಕೊಂಡು ದೀಪದ ಮುಂದೆ ಹಿಡಿದರು.

"ಇದು ಭೂಮಿ ಅಂತ ಇಟ್ಕೋ. ಈ ಕಡೆ ಬೆಳಕು, ಆ ಕಡೆ ಕತ್ತಲೆ. ತಿರುಗ್ತಾ ಇದ್ದ ಹಾಗೆ ಒಂದೊಂದು ಊರಿಗೆ ಒಂದೊಂದು ಹೊತ್ತಿಗೆ ಮಧ್ಯಾಹ್ನ. ಹಿಂದೆಲ್ಲ ಪ್ರತಿ ಊರಿಗೂ ಅದರದ್ದೇ ಸಮಯ ಇತ್ತು ಮಾರಾಯ್ತಿ, ಈ ಮುಂಬಯಿಗೂ ಇತ್ತು. ಎತ್ತಿನ ಗಾಡಿಯಲ್ಲಿ ಹೋಗುವವನಿಗೆ ಅದರಿಂದ ಎಂತ ತೊಂದರೆ? ರೈಲು ಬಂತು ನೋಡು, ಆಗ ಶುರುವಾಯ್ತು ತಾಪತ್ರಯ. ಠಾಕುರ್ಲಿಗೊಂದು ಟೈಮು, ಕಲ್ಯಾಣಕ್ಕೊಂದು ಟೈಮು ಇಟ್ಕೊಂಡು ಲೋಕಲ್ ಓಡಿಸ್ಲಿಕ್ಕೆ ಆಗ್ತದಾ?"

ಆಮೇಲೆ ಸಿಪ್ಪೆಯ ಮೇಲೆ ಉಗುರಿನಿಂದ ಮೇಲಿಂದ ಕೆಳಗೆ ಗೆರೆ ಎಳೆಯುತ್ತಾ ಹೋದರು. ಭೂಮಿ ಒಂದು ಸುತ್ತು ತಿರುಗಲು ಇಪ್ಪತ್ತನಾಲ್ಕು ಗಂಟೆ. ಹಾಗಾಗಿ ಹೆಚ್ಚುಕಡಿಮೆ ಇಪ್ಪತ್ತನಾಲ್ಕು ಪಟ್ಟಿ, ಒಂದು ಪಟ್ಟಿಗೆ ಒಂದು ಸಮಯ. ನಮ್ಮ ದೇಶ ಎರಡು ಗೆರೆಗಳ ನಡುವಿನದನ್ನು ಆರಿಸಿಕೊಂಡದ್ದರಿಂದ ನಮಗೆ ಆ ಅರ್ಧ ಗಂಟೆಯ ಬಾಲ. ಇಂಗ್ಲೆಂಡು ತೀರ ಉತ್ತರಕ್ಕಿದೆ; ಅಲ್ಲಿ ಬೇಸಿಗೆಯಲ್ಲಿ ಜನ ಏಳುವ ಮೊದಲೇ ಗಟ್ಟಿ ಬೆಳಕು. ಮಲಗಿದವರ ಮೇಲೆ ಆ ಬೆಳಕು ದಂಡವಾಗುವುದು ಬೇಡ, ಸಂಜೆಗೆ ಸಿಗಲಿ ಎಂದು ಮಾರ್ಚಿನಲ್ಲಿ ಗಡಿಯಾರವನ್ನೇ ಒಂದು ಗಂಟೆ ಮುಂದೆ ತಿರುಗಿಸುತ್ತಾರೆ, ಅಕ್ಟೋಬರಿನಲ್ಲಿ ಮತ್ತೆ ಹಿಂದೆ. ಹಿಂದೊಮ್ಮೆ ಯುದ್ಧದ ಕಾಲದಲ್ಲಿ ದೀಪದ ಖರ್ಚು ಉಳಿಸಲು ಶುರುವಾದದ್ದು, ಹಾಗೇ ಉಳಿಯಿತಂತೆ. "ನಮಗೆ ಇದು ಬೇಡ. ನಮ್ಮಲ್ಲಿ ಬೇಸಿಗೆಗೂ ಚಳಿಗಾಲಕ್ಕೂ ಹಗಲು ಅಷ್ಟೇನೂ ಹೆಚ್ಚುಕಡಿಮೆ ಇಲ್ಲ," ಎಂದು ಹೇಳಿ ಭೂಮಿಯನ್ನು ಸುಲಿದು ಅರ್ಧ ನನಗೆ ಕೊಟ್ಟರು.

ಇಷ್ಟೆಲ್ಲ ಅವರಿಗೆ ನಾಲಿಗೆಯ ತುದಿಯಲ್ಲಿದ್ದುದಕ್ಕೆ ಪಾಠವೊಂದೇ ಕಾರಣವಲ್ಲ... ಪ್ರತಿ ಭಾನುವಾರ ಸಂಜೆ ಅವರಿಗೆ ಇಂಗ್ಲೆಂಡಿನಿಂದ ಫೋನು ಬರುತ್ತಿತ್ತು. ಮಾಡುತ್ತಿದ್ದವರು ಕಾಲೇಜಿನಲ್ಲಿ ಅವರ ಜೊತೆಗೆ ಓದಿದವರು, ಈಗ ಅಲ್ಲೊಂದು ಹೋಟೆಲಿನಲ್ಲಿ ಮುಖ್ಯ ಅಡುಗೆಯವರು. ಹೆಂಡತಿ ತೀರಿಕೊಂಡು ಎಷ್ಟೋ ವರ್ಷವಾಗಿತ್ತು. ಅಲ್ಲಿನ ಮಧ್ಯಾಹ್ನ ಎರಡಕ್ಕೆ ಸರಿಯಾಗಿ ಮಾಡುತ್ತಿದ್ದರು. ಚಳಿಗಾಲದಲ್ಲಿ ನಮಗದು ಸಂಜೆ ಏಳೂವರೆ. ಗೋಡೆಯಾಚೆ ಟೀಚರ್ ನಗು ಕೇಳಿದರೆ ಅವ್ವ ನಮ್ಮ ಟಿವಿಯ ಸದ್ದು ಕಡಿಮೆ ಮಾಡುತ್ತಿದ್ದಳು. ಮರ್ಯಾದೆಗೋ, ಕುತೂಹಲಕ್ಕೋ ಗೊತ್ತಿಲ್ಲ.

ಮಾರ್ಚಿನಲ್ಲಿ ಒಂದು ದಿನ ಟೀಚರ್ ನಮ್ಮ ಅಡುಗೆಮನೆಯಲ್ಲಿ ಬಂದು ಕೂತು, ಸೆರಗಿನ ತುದಿ ಸುತ್ತುತ್ತಾ ಹೇಳಿದರು. ಇಂಗ್ಲೆಂಡಿನ ಆ ಗೆಳೆಯರು ಮದುವೆಯ ಮಾತೆತ್ತಿದ್ದರು. ಟೀಚರಿಗೆ ಮುಜುಗರವಾಗಬಾರದೆಂದು ಒಂದು ದಾರಿಯನ್ನೂ ಹೇಳಿದ್ದರು. ಬರುವ ಭಾನುವಾರ ಒಂದೇ ಸಲ ಫೋನು ಮಾಡುತ್ತಾರೆ. ಎತ್ತಿದರೆ ಒಪ್ಪಿಗೆ. ಎತ್ತದಿದ್ದರೆ ಮುಂದೆಂದೂ ಆ ಮಾತಿಲ್ಲ.

"ಮತ್ತ ಎತ್ತೂದಲ್ರೀ? ಇದರಾಗ ಏನ್ ವಿಚಾರ ಮಾಡೂದೈತಿ?" ಅಂದಳು ಅವ್ವ.

"ಹೆದರಿಕೆ ಆಗ್ತದೆ ಅಕ್ಕ. ಚಳಿಗಾಲದಲ್ಲಿ ನಾಲ್ಕು ಗಂಟೆಗೇ ಕತ್ತಲೆ ಆಗುವ ಊರು. ನಾನು ಅಲ್ಲಿ ಬದುಕ್ತೇನಾ? ಈ ವಯಸ್ಸಿಗೆ ಇವಳಿಗೆ ಇದೆಲ್ಲ ಯಾಕೆ ಅಂತ ಅಣ್ಣ ಹೇಳುವುದಿಲ್ವಾ?"

ಶನಿವಾರ ಬೆಳಿಗ್ಗೆ ಬಂದಾಗ ಅವರ ಮುಖವೇ ಬೇರೆಯಾಗಿತ್ತು. "ಎತ್ತುತ್ತೇನೆ," ಅಂದರು. ಅಷ್ಟೇ.

ಭಾನುವಾರ ಸಂಜೆ ಅವರು ಬೀಗ ಹಾಕಿ, ಬೀಗದ ಕೈ ನಮ್ಮಲ್ಲಿ ಕೊಟ್ಟು, ಹೂ ತರಲು ಫಡ್ಕೆ ರೋಡಿಗೆ ಹೋದರು. ಏಳೂವರೆಗೆ ಇನ್ನೂ ಬೇಕಾದಷ್ಟು ಹೊತ್ತಿತ್ತು. ನಾನು ಮರುದಿನದ ಬಟ್ಟೆಗೆ ಇಸ್ತ್ರಿ ಮಾಡುತ್ತಿದ್ದೆ. ಆಗ ಗೋಡೆಯಾಚೆ ಫೋನು ಹೊಡೆದುಕೊಳ್ಳತೊಡಗಿತು.

ಗಡಿಯಾರ ನೋಡಿದೆ. ಆರೂವರೆ. ನಾಳೆಯಿಂದ ಒಂದು ಗಂಟೆ ಮೊದಲು ಬನ್ನಿ ಎಂದು ನಮ್ಮ ಮ್ಯಾನೇಜರ್ ಹೇಳಿದ್ದ. ಇಂಗ್ಲೆಂಡಿನ ಗಡಿಯಾರ ಅಂದು ಬೆಳಗಿನ ಜಾವ ಮುಂದೆ ಹೋಗಿತ್ತು!

"ಅವ್ವಾ, ಕೀಲಿ ಕೊಡು! ಅವರದ ಫೋನು!"

"ನೀ ಎತ್ತಬ್ಯಾಡ!" ಅವ್ವ ಬೀಗದ ಕೈಯನ್ನು ಮುಷ್ಟಿಯಲ್ಲಿ ಹಿಡಿದು ಕಿರುಚಿದಳು. "ನೀ ಎತ್ತಿದ್ರ ನಿನ್ನ ಲಗ್ನಾನ ಆದೀತು!"

ಆ ಗಡಿಬಿಡಿಯಲ್ಲೂ ನಗು ಬಂತು. ಅವಳ ಕೈಯಿಂದ ಕಿತ್ತುಕೊಂಡು ಬಾಗಿಲು ತೆರೆಯುವಷ್ಟರಲ್ಲಿ ಫೋನು ಸುಮ್ಮನಾಗಿತ್ತು.

ಚಪ್ಪಲಿಯನ್ನೂ ಸರಿಯಾಗಿ ಮೆಟ್ಟದೆ ಓಡಿದೆ. ಟೀಚರ್ ಹೂವಾಡಗಿತ್ತಿಯ ಮುಂದೆ ನಿಂತು ಮೊಗ್ರಾ ಮಲ್ಲಿಗೆಯ ಮಾಲೆ ಅಳೆಸುತ್ತಿದ್ದರು. "ಟೀಚರ್, ಫೋನ್ ಬಂದಿತ್ರಿ! ಅವರ ಗಡಿಯಾರ ಇವತ್ತ ಒಂದ್ ತಾಸ ಮುಂದ ಹೋಗೇದ!"

ಅವರು ಕೈಗಡಿಯಾರ ನೋಡಿದರು, ನನ್ನನ್ನು ನೋಡಿದರು. ಮುಖದ ಬಣ್ಣ ಇಳಿದುಹೋಯಿತು. "ಅಯ್ಯೋ ದೇವರೇ... ಮಾರ್ಚಿನ ಕಡೇ ಆದಿತ್ಯವಾರ," ಅಂದರು. ಪ್ರತಿ ವರ್ಷ ಮಕ್ಕಳಿಗೆ ಬಾಯಿಪಾಠ ಮಾಡಿಸುತ್ತಿದ್ದದ್ದೇ ಅದು.

ಅವರ ಮನೆ ಫೋನಿನಿಂದ ಹೊರದೇಶಕ್ಕೆ ಮಾಡಲು ಬರುತ್ತಿರಲಿಲ್ಲ. ನಿರಿಗೆ ಎತ್ತಿ ಹಿಡಿದು ಸ್ಟೇಷನ್ನಿನ ಪಕ್ಕದ ಐಎಸ್‌ಡಿ ಫೋನ್ ಬೂತಿಗೆ ಓಡಿದರು, ನಾನು ಹಿಂದೆ. ಅವರು ಓಡಿದ್ದನ್ನು ಅದಕ್ಕೆ ಮೊದಲು ನಾನು ಕಂಡಿರಲಿಲ್ಲ. ಲೋಕಲ್ ಹಿಡಿಯಲೂ ಓಡಿದವರಲ್ಲ. ಬೂತಿನವನು, "ಲೈನ್ ಬಿಝಿ ಆಹೇ ಬಾಯಿ, ಥಾಂಬಾ ಜರಾ," ಅಂದ. ಟೀಚರ್ ಕಾಯಲಿಲ್ಲ, ಮತ್ತೆ ಒತ್ತಿದರು, ಮತ್ತೆ ಒತ್ತಿದರು. ಗಾಜಿನ ಬಾಗಿಲು ಪೂರ್ತಿ ಮುಚ್ಚಿಕೊಳ್ಳುತ್ತಿರಲಿಲ್ಲ, ಹಾಗಾಗಿ ಅವರ ಮಾತೆಲ್ಲ ಕೇಳಿತು.

"ಹಲೋ... ಹೌದು, ನಾನೇ... ಇಲ್ಲ ಇಲ್ಲ, ಬೇಕೂಂತ ಎತ್ತದೆ ಇದ್ದದ್ದಲ್ಲ! ನಾನು ಹೂ ತರ್ಲಿಕ್ಕೆ ಬಂದದ್ದು. ನಿಮ್ಮ ಗಡಿಯಾರ ಮುಂದೆ ಹೋದದ್ದು ಮರ್ತೇಹೋಯ್ತು... ಎಂತ? ಹೌದು, ಭೂಗೋಳದ ಟೀಚರೇ. ನಗ್ಬೇಡಿ ನೀವು... ಹೂಂ." ದನಿ ಸಣ್ಣದಾಯಿತು. "ಹೂಂ ಅಂದೆನಲ್ಲ. ಎಷ್ಟು ಸಲ ಹೇಳ್ಬೇಕು?"

ಹೊರಬಂದಾಗ ಅವರ ಕಣ್ಣೆಲ್ಲ ಒದ್ದೆ. ಬೂತಿನವನಿಗೆ ಎಷ್ಟು ಅರ್ಥವಾಗಿತ್ತೋ, "ಅಭಿನಂದನ್ ಬಾಯಿ," ಅಂದ. ಹಿಂದಿರುಗುವ ದಾರಿಯುದ್ದಕ್ಕೂ ಟೀಚರ್ ತಮ್ಮಷ್ಟಕ್ಕೇ ನಗುತ್ತಿದ್ದರು. "ಪಾಠ ಮಾಡುವುದು ಬೇರೆ ಮಾರಾಯ್ತಿ," ಅಂದರು, "ಕಾಯುವುದು ಬೇರೆ."

ಮೇ ತಿಂಗಳಲ್ಲಿ ಇಂಗ್ಲೆಂಡಿನಿಂದ ಅವರು ಬಂದರು. ತೆಳ್ಳಗೆ, ಸಂಕೋಚದ ಮನುಷ್ಯ. ಡೊಂಬಿವಲಿಯದೇ ಸಣ್ಣ ಹಾಲಿನಲ್ಲಿ ಮದುವೆ. ಗೊಣಗುತ್ತಲೇ ಬಂದ ಟೀಚರ್ ಅಣ್ಣ ಹೋಳಿಗೆ ಎರಡನೇ ಸಲ ಹಾಕಿಸಿಕೊಂಡರು. ಅವ್ವ ಎಲ್ಲರಿಗೂ ಬೀಗದ ಕೈಯ ಕಥೆ ಹೇಳಿದ್ದೇ ಹೇಳಿದ್ದು.

ಟೀಚರ್ ಅಲ್ಲಿ ಬದುಕಿದರು, ಚೆನ್ನಾಗಿಯೇ ಬದುಕಿದರು. ನಾಲ್ಕು ಗಂಟೆಯ ಕತ್ತಲೆಯನ್ನು ಫೋನಿನಲ್ಲಿ ಬೈಯುತ್ತಲೇ ಅದಕ್ಕೆ ಒಗ್ಗಿಕೊಂಡರು. ನನ್ನ ಮದುವೆಗೆ ಬಂದರು, ಮಗಳ ನಾಮಕರಣಕ್ಕೂ. ಆಮೇಲೆ ಕಾಯಿಲೆ... ಬಹಳ ದಿನ ನರಳಲಿಲ್ಲ ಎಂಬುದೊಂದೇ ಸಮಾಧಾನ.

ಟೀಚರ್ ತೀರಿಕೊಂಡ ವರ್ಷವೇ ಅಕ್ಟೋಬರಿನ ಕೊನೆಯ ಭಾನುವಾರ ನನ್ನ ಮೊಬೈಲಿಗೆ ಇಂಗ್ಲೆಂಡಿನ ಕರೆ ಬಂತು. "ಇವತ್ತು ಗಡಿಯಾರ ಹಿಂದೆ ಹೋಯ್ತಲ್ಲ ಮಗಳೇ," ಅಂದರು ಅವರ ಯಜಮಾನರು. "ಒಂದು ಗಂಟೆ ಪುಕ್ಕಟೆ ಸಿಕ್ಕಿತು ಅಂತ ಅವಳು ನಿಧಾನಕ್ಕೆ ನೀರುದೋಸೆ ಮಾಡ್ತಿದ್ದಳು, ಇಬ್ಬರೂ ಮಾತಾಡ್ತಾ ತಿಂತಿದ್ದೆವು. ಈ ಸಲ ಆ ಗಂಟೆಯನ್ನು ಎಂತ ಮಾಡುವುದು ಅಂತ ಗೊತ್ತಾಗ್ಲಿಲ್ಲ. ಅದಕ್ಕೆ ನಿನಗೆ ಮಾಡಿದೆ."

ನಾವು ಆ ಗಂಟೆಯನ್ನು ಟೀಚರ್ ಬಗ್ಗೆಯೇ ಮಾತಾಡಿ ಕಳೆದೆವು, ಹೆಚ್ಚಾಗಿ ನಕ್ಕೆವು. ಅದರ ಮರುವರ್ಷದಿಂದ ಯಜಮಾನರ ಫೋನಿಗೆ ಕಾಯುವುದನ್ನು ಬಿಟ್ಟಿದ್ದೇನೆ. ಆ ಭಾನುವಾರ ನಾನೇ ಮಾಡುತ್ತೇನೆ. ಅವರು ಮೊದಲ ಗಂಟೆಗೇ ಎತ್ತುತ್ತಾರೆ.