ಮರಿಲಿಂಗಮ್ಮ ಶಾವಿಗೆ ತಿರುಗಿ ಒಯ್ದದ್ದು

ಸುರಪುರದ ಆ ಓಣಿಯಲ್ಲಿ ಮರಿಲಿಂಗಮ್ಮನಷ್ಟು ಗಟ್ಟಿಯಾಗಿ ನಗುವವರು ಇನ್ನೊಬ್ಬರಿರಲಿಲ್ಲ. ಅದೆಲ್ಲ ಹೋದ ವರ್ಷದ ಮಾತು. ಚಳಿಗಾಲದಲ್ಲಿ ಅವಳಿಗೆ ಸುಮ್ಮಸುಮ್ಮನೆ ಎದೆ ಡವಗುಟ್ಟತೊಡಗಿತು. ಒಲೆ ಹಚ್ಚಲೂ ಮನಸ್ಸಿಲ್ಲ, ತಲೆ ಬಾಚಲೂ ಮನಸ್ಸಿಲ್ಲ. 'ಗಾಳಿ ಬಡದದ' ಎಂದರು ಕೆಲವರು. ಊರ ಬಾಯಿಗೆ ಮುಚ್ಚಳವುಂಟೇ! ಗಂಡ ಭೀಮಾಶಂಕರ ಯಾದಗಿರಿಗೆ ಕರೆದೊಯ್ದು ಮನೋರೋಗದ ಡಾಕ್ಟರಿಗೆ ತೋರಿಸಿದ. ಗುಳಿಗೆಯಿಂದ ನಿದ್ದೆ ಬಂತು. ಮಾತಾಡಿಸುವ ಮಂದಿ ಮಾತ್ರ ಬರಲಿಲ್ಲ.

ಬೇಸಿಗೆ ಬಂತೆಂದರೆ ಅಲ್ಲಿ ಶಾವಿಗೆಯ ಪಾಳಿ. ಇವತ್ತು ಇವರ ಮನೆ, ನಾಳೆ ಅವರ ಮನೆ. ಓಣಿಯ ಹೆಂಗಸರೆಲ್ಲ ಕೂಡಿ ಮಾಡುವುದು. ಒಬ್ಬಳು ಯಂತ್ರ ತಿರುವಿದರೆ ಇನ್ನೊಬ್ಬಳು ಎಳೆ ಹಿಡಿದು ಕೋಲಿಗೆ ಹಾಕುತ್ತಾಳೆ. ಉಳಿದವರ ಬಾಯಿಗೆ ಬಿಡುವಿಲ್ಲ. ಮರಿಲಿಂಗಮ್ಮ ಶಾವಿಗೆ ಒಣಹಾಕಲು ಅಂಗಳದಲ್ಲಿ ಹೊರಸು ಮಂಚ ಹಾಕಿ ತನ್ನ ಪಾಳಿಗೆ ಕಾದಳು. ಅಷ್ಟು ಮಂದಿ ಬಂದರೆ ಎದೆ ಒಡೆದೀತೆಂಬ ಹೆದರಿಕೆ ಒಂದು, ಬಾರದಿದ್ದರೆ ಗತಿಯೇನೆಂಬ ಹೆದರಿಕೆ ಇನ್ನೊಂದು.

ಯಾರೂ ಬರಲಿಲ್ಲ. ಸಂಜೆಗೆ ಬುಟ್ಟಿ ತುಂಬ ಒಣಗಿದ ಶಾವಿಗೆ ಬಂತು.

"ಆಕಿಗಿ ಆರಾಮ ಇಲ್ಲ, ಪಾಪ. ಯಾಕ ತ್ರಾಸ ಕೊಡೂದು ಅಂತ ನಾವ ಮಾಡೀವ್ರಿ," ಎಂದು ನೆರೆಮನೆಯ ಭಾಗಮ್ಮ ಹೊಸ್ತಿಲಾಚೆಯಿಂದಲೇ ಭೀಮಾಶಂಕರನ ಕೈಗಿಟ್ಟು ಹೋದಳು.

"ನೋಡು, ಎಂಥಾ ಚಲೋ ಮಂದಿ!" ಎಂದ ಅವನು.

ಚಲೋ ಮಂದಿಯೇ, ಇಲ್ಲವೆನ್ನುವವರಾರು? ಅಂಥ ಒಳ್ಳೆಯತನಕ್ಕೆ ಬೆಂಕಿ ಬೀಳಲಿ! ಮರಿಲಿಂಗಮ್ಮ ಬುಟ್ಟಿಯ ಮುಂದೆ ಕೂತು ಬಿಕ್ಕಿ ಬಿಕ್ಕಿ ಅತ್ತಳು. ಇನ್ನು ತಾನು ಈ ಓಣಿಯ ಲೆಕ್ಕಕ್ಕೇ ಇಲ್ಲ ಎನಿಸಿತು.

ಮರುದಿನ ಅದೇ ಓಣಿಯ ಹಜರಾಬೀಯ ಮನೆಯಲ್ಲಿ ಪಾಳಿ. ಕೊಟ್ಟದ್ದನ್ನು ತಿರುಗಿ ಒಯ್ಯುವುದೆಂದರೆ ಅಲ್ಲಿ ಮುಖಕ್ಕೆ ಹೊಡೆದಂತೆ. ಗೊತ್ತಿದ್ದೂ ಅವಳು ಬುಟ್ಟಿ ಹೊತ್ತೊಯ್ದು, ಯಂತ್ರ ತಿರುವುತ್ತಿದ್ದ ಭಾಗಮ್ಮನ ಮುಂದೆ ಇಳಿಸಿದಳು.

"ಯಾಕವಾ, ನಾವು ಮಾಡಿದ್ದು ಸೇರಲಿಲ್ಲೇನು?" ಭಾಗಮ್ಮನ ಮುಖ ಕೆಂಪಾಗಿತ್ತು.

"ಶಾವಿಗಿ ಬ್ಯಾಡಕ್ಕಾ. ನಿಮ್ಮ ನಡುವ ಕೂಡಾಕ ಜಾಗ ಬೇಕು. ಒಬ್ಬಾಕಿನ ಕುಂತು ಕುಂತು ಸಾಯಾಕತ್ತೇನಿ."

ಹಜರಾಬೀ ಮೆಲ್ಲಗೆ ಸರಿದು ಜಾಗ ಮಾಡಿ, ಕೋಲನ್ನು ಅವಳ ಕೈಗೆ ಕೊಟ್ಟಳು. ಎದೆ ಮತ್ತೆ ಡವಗುಟ್ಟತೊಡಗಿತು, ಎಳೆ ಹಿಡಿಯುವುದು ತಡವಾಯಿತು. ಎಳೆಗಳು ಹರಿದು ನೆಲಕ್ಕೆ ಬಿದ್ದವು. ಎಲ್ಲರೂ ನೋಡಿಯೂ ನೋಡದಂತಿದ್ದರು. ಮತ್ತೆ ಹರಿದವು. ಭಾಗಮ್ಮನಿಗೆ ತಡೆಯಲಾಗಲಿಲ್ಲ.

"ಅಯ್ಯ ನಿನ್ನ! ಕಣ್ಣು ಎಲ್ಲಿಟ್ಟೀದಿ? ಹಿಟ್ಟೆಲ್ಲ ಮಣ್ಣುಪಾಲು ಮಾಡಿದ್ಯಲ್ಲ!"

ಎಷ್ಟೋ ತಿಂಗಳಿಂದ ಅವಳನ್ನು ಯಾರೂ ಬೈದಿರಲಿಲ್ಲ. ಮರಿಲಿಂಗಮ್ಮ ಕಣ್ಣೊರೆಸಿಕೊಂಡು, "ನೀ ಮೊದಲ ಮಿಷನ್ ಸಾವಕಾಶ ತಿರುವಕ್ಕಾ!" ಎಂದು ತಿರುಗಿ ಬೈದಳು.